ಕಲ್ಲು ಓದುವ ಕಾಲ, ಕಾಗದ ಓದುವ ಕಾಲ: ಸಾಗರದ ನಮ್ಮ ಇತಿಹಾಸ ಬಳಗಕ್ಕೆ ಪದೇ ಪದೇ ಬರುವ ಪ್ರಶ್ನೆಗಳು

ಇವು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ನಮ್ಮನ್ನು ಹಿಡಿದು ನಿಲ್ಲಿಸಿ ಕೇಳಿದ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋವಾದ ಮೇಲೆ ಬರೆದಿಡೋಣ ಅಂತ ಕೂತೆ. ಕೆಲವಕ್ಕೆ ಉತ್ತರ ಉದ್ದ ಆಯಿತು. ಪುರುಸೊತ್ತಿದ್ದಾಗ ಓದಿ.

ನಿಮ್ಮ ಬಳಗದಲ್ಲಿ ಇರುವವರೆಲ್ಲ ಇತಿಹಾಸದ ಮೇಷ್ಟ್ರುಗಳಾ?

ಇಬ್ಬರು ಮೇಷ್ಟ್ರು ಇದ್ದಾರೆ. ಉಳಿದವರಲ್ಲಿ ಅಡಿಕೆ ತೋಟದವರೇ ಜಾಸ್ತಿ. ಒಬ್ಬರು ಮೆಡಿಕಲ್ ಶಾಪ್ ನಡೆಸುತ್ತಾರೆ, ಒಬ್ಬರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಒಬ್ಬಳು ಡಿಗ್ರಿ ಓದುವ ಹುಡುಗಿ. ಆಫೀಸು ಅಂತ ಇಲ್ಲ. ಒಬ್ಬರ ಮನೆಯ ಜಗಲಿ, ಎರಡು ಕಬ್ಬಿಣದ ಬೀರು, ಒಂದು ಸ್ಕ್ಯಾನರ್, ಅಷ್ಟೇ ಆಸ್ತಿ.

ನಾವು ನೋಡುವುದು ಸಾಗರ ತಾಲೂಕು ಮಾತ್ರ. ಅದೇ ಬೇಕಾದಷ್ಟಾಯಿತು. 1499ರಲ್ಲಿ ಚೌಡಪ್ಪನಿಂದ ಶುರುವಾಗಿ, 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವ ತನಕ ನಡೆದ ಕೆಳದಿ ಸಂಸ್ಥಾನದ ಮೊದಲ ಎರಡು ರಾಜಧಾನಿಗಳು, ಕೆಳದಿ ಮತ್ತು ಇಕ್ಕೇರಿ, ಎರಡೂ ಪೇಟೆಯಿಂದ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಊರಿಗೆ ಸಾಗರ ಅಂತ ಹೆಸರು ಬಂದದ್ದೇ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರ ಎಂಬ ಕೆರೆಯಿಂದ. ಈಗ ಅದನ್ನು ಗಣಪತಿ ಕೆರೆ ಅನ್ನುತ್ತೇವೆ. ಸಮುದ್ರ ಎಲ್ಲಿದೆ ಅಂತ ಕೇಳಿಕೊಂಡು ಬಂದ ಪ್ರವಾಸಿಗಳೂ ಇದ್ದಾರೆ, ಏನು ಮಾಡೋಣ.

ವರ್ಷದ ಶುರುವಿನಲ್ಲೇ ಕಾರ್ಯಕ್ರಮದ ಪಟ್ಟಿ ಯಾಕೆ ಕೊಡುವುದಿಲ್ಲ?

ಒಂದು ವರ್ಷ ಕೊಟ್ಟಿದ್ದೆವು. ಚಂದದ ಕಾರ್ಡು ಮಾಡಿಸಿ, ತಾರೀಕು ಹಾಕಿ ಹಂಚಿದ್ದೆವು. ಅದರಲ್ಲಿ ನಡೆದದ್ದು ಮೂರೋ ನಾಲ್ಕೋ. ಜೂನ್ ಎರಡನೇ ವಾರ ವೀರಗಲ್ಲು ನೋಡಲು ಹೋಗೋಣ ಅಂತ ಇಟ್ಟಿದ್ದೆವು. ಮೃಗಶಿರಾ ಮಳೆ ಹಿಡಿದುಕೊಂಡಿತು ನೋಡಿ, ಹನ್ನೆರಡು ಜನ ಒಂದು ಬಸ್ ಶೆಲ್ಟರಿನಲ್ಲಿ ನಿಂತು ಮಂಡಕ್ಕಿ ತಿಂದು ವಾಪಸು ಬಂದೆವು.

ಅವತ್ತಿನಿಂದ ತಾರೀಕಿನ ಗೊಡವೆ ಬಿಟ್ಟೆವು. ಮಳೆಯ ಹೆಸರು, ಬೆಳೆಯ ಹೆಸರು ಹೇಳುತ್ತೇವೆ. 'ಸ್ವಾತಿ ಮಳೆ ಕಳೆದ ಮೇಲೆ', 'ಅಡಿಕೆ ಕೊನೆಕೊಯ್ಲು ಶುರುವಾದಾಗ', 'ಹಿನ್ನೀರು ಇಳಿದಾಗ'. ಬೆಂಗಳೂರಿನಿಂದ ಬರುವವರಿಗೆ ಇದು ಕಷ್ಟ, ಗೊತ್ತು. ಊರಲ್ಲಿ ಇರುವವರಿಗೆ ಮಾತ್ರ ಕ್ಯಾಲೆಂಡರಿಗಿಂತ ಇದೇ ಸಲೀಸು. ಒಂದು ವಾರ ಮುಂಚೆ ವಾಟ್ಸಾಪ್‌ನಲ್ಲಿ ದಿನ ಹೇಳುತ್ತೇವೆ.

ಇದು ನಾವು ಕಂಡುಹಿಡಿದ ಬುದ್ಧಿಯೂ ಅಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದದ್ದು 1623ರಲ್ಲಿ. ಗೇರುಸೊಪ್ಪೆ ಕಡೆಯಿಂದ ಘಟ್ಟ ಹತ್ತಿದ. ಅವನೂ ಬಂದದ್ದು ಮಳೆ ನಿಂತ ಮೇಲೆಯೇ. ಹಾಗೆ ಬಂದಿದ್ದರಿಂದಲೇ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ಹಾಡಿಕೊಂಡು ಲೆಕ್ಕ ಕಲಿಯುವುದನ್ನು ನಿಧಾನಕ್ಕೆ ಕೂತು ನೋಡಿ ಬರೆದಿಟ್ಟ. ಆಷಾಢದಲ್ಲಿ ಬಂದಿದ್ದರೆ ಬರೀ ಉಂಬಳದ, ಅಂದರೆ ಜಿಗಣೆಯ ವಿಚಾರ ಬರೆಯುತ್ತಿದ್ದ.

ಹಾಗಾದರೆ ಮಳೆಗಾಲದಲ್ಲಿ ಬಾಗಿಲು ಹಾಕಿರುತ್ತೀರಾ?

ಇಲ್ಲ ಮಾರಾಯ್ರೆ, ಕೆಲಸ ಜಾಸ್ತಿ ಇರುವುದೇ ಆಗ. ಆರಿದ್ರಾದಿಂದ ಉತ್ತರೆ ಮಳೆ ತನಕ ಪ್ರತಿ ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಸೇರುತ್ತೇವೆ. ಹೊರಗೆ ಹೋಗಲು ಆಗುವುದಿಲ್ಲವಲ್ಲ, ಆಗ ಕಾಗದ ಓದುವುದು. ನೀವು ತಂದುಕೊಟ್ಟ ಕ್ರಯಪತ್ರ, ಅಡಿಕೆ ಮಂಡಿಯ ಲೆಕ್ಕದ ಚೀಟಿ, ಮದುವೆ ಕರೆಯೋಲೆ, ಮುಳುಗಡೆ ಪರಿಹಾರದ ನೋಟಿಸು, ಶಿವಮೊಗ್ಗ–ತಾಳಗುಪ್ಪ ನಡುವೆ ಓಡುತ್ತಿದ್ದ ರೈಲ್‌ಬಸ್ಸಿನ ಟಿಕೆಟು, ಎಲ್ಲ ಸ್ಕ್ಯಾನ್ ಮಾಡಿ, ಹೆಸರು ಬರೆದು, ಮೂಲ ಪ್ರತಿಯನ್ನು ನಿಮಗೇ ವಾಪಸು ಕೊಡುತ್ತೇವೆ.

ಕಳೆದ ಸಲ ಒಂದು ಮದುವೆ ಖರ್ಚಿನ ಪುಸ್ತಕ ಬಂದಿತ್ತು. ಬೆಲ್ಲ, ಕಾಯಿ, ಬಾಳೆಲೆ, ಓಲಗದವರಿಗೆ ಎಷ್ಟು ಅಂತೆಲ್ಲ ಬರೆದ ಮೇಲೆ ಕೊನೆಗೆ 'ಗ್ಯಾಸ್‌ಲೈಟಿನ ಬಾಡಿಗೆ' ಅಂತ ಒಂದು ಸಾಲು. ಅದರ ಪಕ್ಕದಲ್ಲೇ, ಬೇರೆ ಶಾಯಿಯಲ್ಲಿ, 'ಒಂದು ಮ್ಯಾಂಟಲ್ ಒಡೆದದ್ದು' ಅಂತ ಇನ್ನೊಂದು ಸಾಲು. ಯಾರ ಮದುವೆ ಅಂತ ಮರೆತೇ ಹೋಯಿತು, ಮ್ಯಾಂಟಲ್ ಒಡೆದವರು ಯಾರು ಅಂತಲೇ ಅರ್ಧ ಗಂಟೆ ಮಾತಾಯಿತು.

ಕಾಗದಕ್ಕೆ ಬೂಷ್ಟು ಬಂದಿದೆ. ಒಲೆ ಹತ್ತಿರ ಇಟ್ಟು ಒಣಗಿಸಲಾ?

ಬೇಡ. ಬಿಸಿಲಿಗೂ ಹಾಕಬೇಡಿ. ಬಿಸಿ ತಾಗಿದರೆ ಹಳೇ ಕಾಗದ ಸೆಟೆದುಕೊಂಡು ಪುಡಿಯಾಗುತ್ತದೆ. ಗಾಳಿ ಆಡುವ ಕೋಣೆಯಲ್ಲಿ ಹಾಳೆಗಳ ನಡುವೆ ಬಿಳಿ ಬ್ಲಾಟಿಂಗ್ ಪೇಪರ್ ಇಟ್ಟು, ಅದು ತೇವ ಎಳೆದ ಹಾಗೆ ಬದಲಾಯಿಸುತ್ತಾ ಹೋಗಿ. ನ್ಯೂಸ್‌ಪೇಪರ್ ಬೇಡ, ಅದರ ಶಾಯಿ ಅಂಟುತ್ತದೆ. ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಲ್ಲಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟು ಒರೆಸಿ.

ಇನ್ನೊಂದು ಮಾತು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಇದನ್ನು ಹೇಳುವಾಗ ನನಗೇ ನಾಚಿಕೆ, ಯಾಕೆಂದರೆ ಶುರುವಿನಲ್ಲಿ ನಾವೇ ಒಂದು ಹಳೇ ಪಟ್ಟೆಯನ್ನು 'ಭದ್ರ ಇರಲಿ' ಅಂತ ಲ್ಯಾಮಿನೇಟ್ ಮಾಡಿಸಿ ತಂದಿದ್ದೆವು. ಎರಡು ಮಳೆಗಾಲ ಕಳೆಯುವುದರೊಳಗೆ ಒಳಗೇ ಹಳದಿ ತಿರುಗಿತು. ಬಿಚ್ಚಲು ಹೋದರೆ ಅಕ್ಷರವೇ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬರುತ್ತದೆ. ಆ ಮನೆಯ ಅಜ್ಜ ಏನೂ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ನಮ್ಮನೆ ಅಟ್ಟದಲ್ಲಿ ಓಲೆಗರಿ ಇವೆ. ತಂದುಕೊಡಬೇಕಾ?

ಮೊದಲು ಇದ್ದಲ್ಲೇ ಬಿಟ್ಟು ನಮಗೆ ಫೋನ್ ಮಾಡಿ. ನಾವೇ ಬಂದು ನೋಡುತ್ತೇವೆ. ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ತರುವಾಗ ಗರಿಯ ಅಂಚು ಮುರಿಯುವುದೇ ಜಾಸ್ತಿ.

ಹಳಬರು ಓಲೆಗರಿ ಕಟ್ಟನ್ನು ಅಡುಗೆಮನೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದದ್ದು ಸುಮ್ನೆ ಅಲ್ಲ. ಕೆಳಗೆ ಒಲೆ ಉರಿಯುತ್ತಿತ್ತು. ಹೊಗೆ ಮೇಲೇರಿ ಅಟ್ಟ ಬೆಚ್ಚಗಿರುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಒಲೆ ಬಂತು, ಹೊಗೆ ಹೋಯಿತು. ಅಟ್ಟ ತಣ್ಣಗಾಯಿತು. ನೂರಾರು ವರ್ಷ ಉಳಿದ ಗರಿಗಳಿಗೆ ಹುಳ ಹಿಡಿದದ್ದು ಆಮೇಲೆ. ನಿಮ್ಮ ಮನೆಯಲ್ಲೂ ಹೀಗೇ ಆಗಿರಬಹುದು, ಒಮ್ಮೆ ಏಣಿ ಹಾಕಿ ನೋಡಿ.

ಗರಿ ಮೇಲೆ ಏನೂ ಕಾಣುವುದಿಲ್ಲ, ಖಾಲಿ ಇದೆ ಅಂತ ಎಸೆಯಬೇಡಿ. ಅಕ್ಷರವನ್ನು ಕಂಠ ಅನ್ನುವ ಕಬ್ಬಿಣದ ಮೊನೆಯಲ್ಲಿ ಕೊರೆದಿರುತ್ತಾರೆ. ಮಸಿ ಹೋದರೂ ಗೀರು ಇರುತ್ತದೆ, ಓರೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಕೆಲವು ಮನೆಗಳಲ್ಲಿ ಕಡತವೂ ಇರುತ್ತದೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಕಪ್ಪು ಹಲಗೆಯ ಹಾಗೆ ಮಾಡಿ, ಮಡಚಿ, ಅದರ ಮೇಲೆ ಬಳಪದಲ್ಲಿ ಬರೆದದ್ದು. ಈಗ ತಾಲೂಕು ಆಫೀಸಿನ ಫೈಲಿಗೆ ನಾವು ಕಡತ ಅನ್ನುತ್ತೇವಲ್ಲ, ಆ ಮಾತು ಇದರದ್ದೇ. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸ್ಲೇಟು ಒರೆಸಿದ ಹಾಗೆ ಎಲ್ಲ ಹೋಗುತ್ತದೆ.

ಓಲೆಗರಿ ಹೇಗೆ ಇಡಬೇಕು ಅಂತ ಕಣ್ಣಾರೆ ನೋಡಬೇಕು ಅಂದರೆ ಕೆಳದಿಯ ವಸ್ತು ಸಂಗ್ರಹಾಲಯಕ್ಕೆ ಒಂದು ಸಲ ಹೋಗಿ ಬನ್ನಿ. ಗುಂಡಾ ಜೋಯಿಸರು ಮನೆ ಮನೆ ತಿರುಗಿ ಕೂಡಿಸಿ ಕಟ್ಟಿದ್ದು ಅದು.

ಅಕ್ಷರ ಕನ್ನಡದ ಹಾಗೆ ಕಾಣುತ್ತದೆ, ಆದರೆ ಓದಲು ಬರುವುದಿಲ್ಲ. ಯಾಕೆ?

ಬಹುಶಃ ತಿಗಳಾರಿ. ನಮ್ಮ ಮಲೆನಾಡು, ಕರಾವಳಿ ಕಡೆ ಸಂಸ್ಕೃತ ಬರೆಯಲು ಜಾಸ್ತಿ ಬಳಸುತ್ತಿದ್ದ ಲಿಪಿ. ನೋಡಲು ಮಲಯಾಳದ ಹತ್ತಿರ ಇದೆ. ಶ್ರಾವಣದಲ್ಲಿ ನಾಲ್ಕು ಭಾನುವಾರ ಇದನ್ನು ಕಲಿಸುತ್ತೇವೆ. ಮೊದಲ ವಾರ ಮೂವತ್ತು ಜನ ಬರುತ್ತಾರೆ, ನಾಲ್ಕನೇ ವಾರಕ್ಕೆ ಆರು ಜನ ಉಳಿಯುತ್ತಾರೆ. ಆ ಆರು ಜನ ಸಾಕು.

ಭೂಮಿ ಹುಣ್ಣಿಮೆಗೆ ಫೋಟೊ ತೆಗೆಯಲು ಬರಬಹುದಾ?

ಇದು ಅಕ್ಟೋಬರ್ ಸುಮಾರಿಗೆ, ಶೀಗೆ ಹುಣ್ಣಿಮೆ ದಿನ. ನಮ್ಮ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕಪ್ಪಾದ ಅಕ್ಕಿ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಾಗುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಭತ್ತ ಆಗ ಹೊಡೆ ತುಂಬಿರುತ್ತದೆ. ಬಸುರಿ ಭೂಮಿಗೆ ಬಯಕೆ ಊಟ ಬಡಿಸುವುದು ಅದು.

ಬರಬಹುದಾ ಅಂದರೆ, ಮನೆಯವರು ಕರೆದರೆ ಬರಬಹುದು. ಇದು ಬಳಗದ ಕಾರ್ಯಕ್ರಮ ಅಲ್ಲ, ಅವರ ಮನೆಯ ಹಬ್ಬ. ನಾವು ಹೋಗುವುದು ನೆಂಟರ ಹಾಗೆ. ಒಂದು ವರ್ಷ ಒಬ್ಬರು ಟ್ರೈಪಾಡ್ ತಂದು ಗದ್ದೆ ಬದುವಿನ ಮೇಲೆ ನಿಲ್ಲಿಸಿ, 'ಅಮ್ಮ, ಇನ್ನೊಂದು ಸಲ ಬುಟ್ಟಿ ಇಳಿಸಿ' ಅಂದರು. ಆ ಅಮ್ಮ 'ಭೂಮಿಗೆ ಎರಡು ಸಲ ಊಟ ಬಡಿಸ್ತಾರೇನೋ ತಮಾ' ಅಂತ ಕೇಳಿದರು. ಅವತ್ತಿನಿಂದ ಕ್ಯಾಮೆರಾ ಇದ್ದವರಿಗೆ ಈ ಕತೆ ಹೇಳಿಯೇ ಕರೆದುಕೊಂಡು ಹೋಗುವುದು.

ಬುಟ್ಟಿ ಚಿತ್ತಾರ ಕಲಿಯಬೇಕು ಅನ್ನುವವರು ಹುಣ್ಣಿಮೆಗೆ ಒಂದು ವಾರ ಮುಂಚೆ ಬನ್ನಿ. ಕಲಿಸುವ ಅಕ್ಕಂದಿರಿಗೆ ಸಂಭಾವನೆ ಇದೆ, ಅದಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತೇವೆ.

ಶಾಸನ, ವೀರಗಲ್ಲು ನೋಡುವ ಓಡಾಟ ಯಾವಾಗ? ಏನು ತರಬೇಕು?

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ. ಗದ್ದೆ ಕೊಯ್ಲು ಆಗಿ ದಾರಿ ತೆರೆದುಕೊಂಡಿರುತ್ತದೆ, ಕಲ್ಲಿನ ಮೇಲಿನ ಹಾವಸೆ ಒಣಗಿರುತ್ತದೆ. ಮಳೆಗಾಲದಲ್ಲಿ ಹಸಿರು ಕಂಬಳಿ ಹೊದ್ದು ಕೂತ ಕಲ್ಲು, ಡಿಸೆಂಬರಿನಲ್ಲಿ ಅಕ್ಷರ ಬಿಡುತ್ತದೆ.

ನೀರಿನ ಬಾಟಲಿ, ಬುತ್ತಿ, ಒಂದು ಟಾರ್ಚು, ಮೆತ್ತನೆಯ ಬ್ರಷ್ಷು, ಅಳತೆ ಟೇಪು, ಪೂರ್ತಿ ಮುಚ್ಚುವ ಪ್ಯಾಂಟು. ಟಾರ್ಚು ಹಗಲಲ್ಲಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಲ್ಲಿನ ಮೇಲೆ ಕೊಡೆ ಹಿಡಿದು ನೆರಳು ಮಾಡಿ, ಪಕ್ಕದಿಂದ ಟಾರ್ಚು ಬಿಟ್ಟರೆ ಸವೆದ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ. ಎದುರಿಂದ ಬಿಟ್ಟರೆ ಏನೂ ಕಾಣುವುದಿಲ್ಲ. ಮೊದಲ ಸಲ ಬಂದವರು 'ಸ್ವಸ್ತಿ ಶ್ರೀ' ಅಂತ ತಾವೇ ಕೂಡಿಸಿ ಓದಿದಾಗ ಮುಖ ನೋಡಬೇಕು.

ಪ್ಯಾಂಟಿನ ವಿಚಾರ ತಮಾಷೆ ಅಲ್ಲ. ನಮ್ಮ ಓಡಾಟದ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು, ಉಣ್ಣೆ ಹುಳ ಕಚ್ಚಿ ಬರುವುದು. 2019ರಲ್ಲಿ ನಮ್ಮದೇ ತಾಲೂಕಿನ ಅರಳಗೋಡು ಕಡೆ ಎಷ್ಟು ಮನೆ ಕಂಗಾಲಾದವು ಅಂತ ಊರಿಗೆಲ್ಲ ಗೊತ್ತು. ಮಂಗ ಸತ್ತ ಸುದ್ದಿ ಬಂದ ಕಡೆ ನಾವು ಕಾಲಿಡುವುದಿಲ್ಲ. ಉಳಿದ ಕಡೆ ಹೋಗುವಾಗಲೂ ಆರೋಗ್ಯ ಇಲಾಖೆಯವರು ಉಣ್ಣೆ ಹತ್ತದಿರಲಿ ಅಂತ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗುವುದು, ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ, ಬಟ್ಟೆ ಬೇರೆ. ಕಲ್ಲು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕಬಹುದಾ? ವಿಭೂತಿ? ಎಣ್ಣೆ?

ಯಾವುದೂ ಬೇಡ. ಕಬ್ಬಿಣದ ಬ್ರಷ್ಷಂತೂ ಬೇಡವೇ ಬೇಡ. ಹಾವಸೆ ಜೊತೆ ಕಲ್ಲಿನ ಮೈಯೂ ಕಿತ್ತು ಬರುತ್ತದೆ.

ಪುರಾತತ್ವ ಇಲಾಖೆಯವರು ಮಾಡುವ ಪಡಿಯಚ್ಚು ಬೇರೆ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ಗುಂಡಿಯೊಳಗೆ ಇಳಿಸುತ್ತಾರೆ. ಆಮೇಲೆ ಮಸಿ ಅದ್ದಿದ ಉಂಡೆಯಿಂದ ಮೇಲೆ ಮೇಲೆ ಒತ್ತುತ್ತಾರೆ. ಕಾಗದ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ತಟ್ಟುವ ಕೈಗೆ ಅಭ್ಯಾಸ ಬೇಕು. ನಾವು ಕಲಿತಿಲ್ಲ, ಹಾಗಾಗಿ ಮಾಡುವುದಿಲ್ಲ. ಅವರು ಬಂದಾಗ ಕೊಡೆ ಹಿಡಿದು ನಿಲ್ಲುವುದು, ನೀರು ತಂದುಕೊಡುವುದು ನಮ್ಮ ಕೆಲಸ.

ನಮ್ಮ ತೋಟದಲ್ಲಿ ಒಂದು ಅಕ್ಷರದ ಕಲ್ಲು ಸಿಕ್ಕಿದೆ. ಹೊಸ ಶಾಸನವಾ?

ಆಗಿರಲೂಬಹುದು. ಮೊದಲು ನಮ್ಮ ಕಡೆಯ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ' 8ನೇ ಸಂಪುಟ ತೆಗೆದು ನೋಡುತ್ತೇವೆ. 1904ರಲ್ಲಿ ಬಂದದ್ದು, ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲೂಕಿನ ಶಾಸನಗಳು ಊರು, ಜಾಗ ಸಮೇತ ಅದರಲ್ಲಿವೆ. ಆಗ ಗುಡಿ ಮುಂದೆ ಇದ್ದ ಕಲ್ಲು ಈಗ ಯಾರದೋ ತೋಟದ ಕಾಲುಸಂಕ ಆಗಿರುವುದುಂಟು, ಬಟ್ಟೆ ಒಗೆಯುವ ಕಲ್ಲು ಆಗಿರುವುದೂ ಉಂಟು. ಅದರಲ್ಲಿ ಇಲ್ಲ ಅಂದರೆ ಫೋಟೊ, ಅಳತೆ, ಜಾಗ ಬರೆದು ಇಲಾಖೆಗೆ ತಿಳಿಸುತ್ತೇವೆ. ಪತ್ರಿಕೆಗೆ ಕೊಡುವುದು ಆಮೇಲೆ. ನಿಮ್ಮ ಹೆಸರೇ ಬರುತ್ತದೆ, ಗಾಬರಿ ಬೇಡ.

ಕಲ್ಲನ್ನು ಅಲ್ಲಾಡಿಸಬೇಡಿ. 'ಸ್ವಚ್ಛ ಜಾಗದಲ್ಲಿ ಇಡೋಣ' ಅಂತ ಜೆಸಿಬಿ ತರಿಸಿ ಎರಡು ತುಂಡು ಮಾಡಿದವರನ್ನು ನೋಡಿದ್ದೇನೆ. ಭಕ್ತಿಯಿಂದಲೇ ಮಾಡಿದ್ದು, ಅದೇ ಬೇಜಾರು.

ತೋಟ ಬಿಟ್ಟುಕೊಡಬೇಕಾಗುತ್ತದಾ?

ಒಂದು ವೀರಗಲ್ಲು ಸಿಕ್ಕ ಮಾತ್ರಕ್ಕೆ ಯಾರೂ ನಿಮ್ಮ ತೋಟ ಕಿತ್ತುಕೊಳ್ಳುವುದಿಲ್ಲ. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿತ ಅಂತ ಘೋಷಿಸಿದ ಸ್ಮಾರಕಗಳಿಗೆ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು ಅನ್ನುವ ನಿಯಮ. ಇಕ್ಕೇರಿಯ ಅಘೋರೇಶ್ವರ ಅಂಥದ್ದು. ಈ ಹೆದರಿಕೆಗೆ ಕಲ್ಲನ್ನು ರಾತ್ರೋರಾತ್ರಿ ಬಾವಿಗೆ ಹಾಕಿದವರಿದ್ದಾರೆ. ಹಾಕುವ ಮುಂಚೆ ಒಂದು ಮಾತು ಕೇಳಿ, ಅಷ್ಟೇ.

ಅಡಿಕೆ ಸುಲಿಯುವ ಮನೆಗೂ ಇತಿಹಾಸಕ್ಕೂ ಏನು ಸಂಬಂಧ?

ನಮ್ಮ ಅತಿ ಒಳ್ಳೆಯ ದಾಖಲೆಗಳು ಸಿಕ್ಕಿದ್ದೇ ಅಲ್ಲಿ. ಕೊನೆಕೊಯ್ಲು ಶುರುವಾದರೆ ರಾತ್ರಿ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಕೈ ಅದರ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಎದುರು ಮೈಕ್ ಹಿಡಿದು 'ಹೇಳಿ ಅಜ್ಜಿ' ಅಂದರೆ ಅಜ್ಜಿ 'ನಂಗೇನು ಗೊತ್ತು' ಅಂದುಬಿಡುತ್ತಾರೆ. ನೀವೂ ಒಂದು ಕತ್ತಿ ಮುಂದೆ ಕೂತು ನಾಲ್ಕು ಅಡಿಕೆ ಸುಲಿದು ಬೆರಳು ಕುಯ್ದುಕೊಂಡರೆ, ನಕ್ಕು, ಆಮೇಲೆ ಮುಳುಗಡೆಯ ಕತೆ ಶುರು ಮಾಡುತ್ತಾರೆ.

ಮುಳುಗಡೆ ಅಂದರೆ ಇಲ್ಲಿ ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಹೇಳುವುದಾದರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಡಿ ಹೋದವು. ಯಾವ ಮನೆಯ ಬಾಗಿಲು ಕಿತ್ತು ಯಾವ ಊರಿಗೆ ಒಯ್ದರು, ಲಾರಿಯಲ್ಲಿ ದನ ಹತ್ತಲು ಹೇಗೆ ಹಟ ಮಾಡಿದವು, ದೇವರನ್ನು ಯಾರು ಹೊತ್ತರು, ಇದೆಲ್ಲ ಸರ್ಕಾರಿ ಕಾಗದದಲ್ಲಿ ಇಲ್ಲ. ಆಗ ಇಪ್ಪತ್ತು ವರ್ಷ ಆದವರಿಗೆ ಈಗ ಎಂಬತ್ತು ದಾಟಿದೆ. ಹಾಗಾಗಿ ಇದೊಂದು ಕೆಲಸಕ್ಕೆ ನಾವು ಕಾಲ ನೋಡುವುದಿಲ್ಲ. ಅಜ್ಜ ಮಾತಾಡುತ್ತಾರೆ ಅಂದರೆ ಪುಷ್ಯ ಮಳೆಯಲ್ಲೂ ಹೋಗುತ್ತೇವೆ.

ಈಗ ಸುಲಿಯುವ ಮೆಷಿನ್ ಬಂದಿದೆ. ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಸದ್ದಿನಲ್ಲಿ ಮಾತು ಮಾತ್ರ ಕೇಳುವುದಿಲ್ಲ.

ಇಕ್ಕೇರಿಗೆ ಶಾಲಾ ಮಕ್ಕಳನ್ನು ಹಗ್ಗ ಹಿಡಿಸಿ ಕರೆದುಕೊಂಡು ಹೋಗುತ್ತೀರಂತೆ?

ಹೌದು, ಜನವರಿಯಲ್ಲಿ. ಅಘೋರೇಶ್ವರ ಗುಡಿಯ ನಡುಗಂಬಗಳ ನಡುವಿನ ಅಂತರವನ್ನೇ ಆಗ ತೋಟ ಅಳೆಯುವ ಅಳತೆ ಮಾಡಿಕೊಂಡಿದ್ದರು. ಹಳೇ ಗೆಜೆಟಿಯರಿನಲ್ಲಿ ಅದು 18 ಅಡಿ 6 ಇಂಚು ಅಂತಿದೆ. ಮಕ್ಕಳಿಗೆ ಹಗ್ಗ ಕೊಟ್ಟು ಅಳೆಯಿರಿ ಅನ್ನುತ್ತೇವೆ. ಕಂಬದ ಅಂಚಿನಿಂದ ಹಿಡಿಯಬೇಕೋ ನಡುವಿನಿಂದ ಹಿಡಿಯಬೇಕೋ ಅಂತ ಜಗಳ ಶುರುವಾಗುತ್ತದೆ. ಕೆಳದಿಯ ಶಿವಪ್ಪ ನಾಯಕನ ಶಿಸ್ತು, ಅಂದರೆ ಭೂಮಿ ಅಳೆದು ಕಂದಾಯ ಹಾಕಿದ ಪದ್ಧತಿಯ ಬಗ್ಗೆ ಒಂದು ಗಂಟೆ ಭಾಷಣ ಮಾಡಿದರೂ ಬಾರದ್ದು ಆ ಜಗಳದಲ್ಲಿ ಬರುತ್ತದೆ. ಅಳೆಯುವ ಶ್ಯಾನುಭೋಗ ಹಗ್ಗ ಎಲ್ಲಿಂದ ಹಿಡಿದ ಅನ್ನುವುದರ ಮೇಲೆ ಒಬ್ಬನ ಕಂದಾಯ ನಿಂತಿತ್ತು ಅಂತ ಅವರಿಗೇ ಹೊಳೆಯುತ್ತದೆ.

ಅಲ್ಲೇ ಗರ್ಭಗುಡಿ ಎದುರಿನ ನೆಲದಲ್ಲಿ ಮೂವರು ನಾಯಕರು ಅಡ್ಡಬಿದ್ದ ಚಿತ್ರಗಳಿವೆ, ಮೇಲೆ ಹೆಸರೂ ಇದೆ. ಒಬ್ಬನ ಕೈಕಾಲಿಗೆ ಸಂಕೋಲೆ. ಅವನು ಹುಚ್ಚ ಸೋಮಶೇಖರ. ಮಕ್ಕಳು ಇವನ ಬಳಿಯಿಂದ ಏಳುವುದೇ ಇಲ್ಲ. ದೊಡ್ಡ ನಂದಿ ನೋಡಲು ಎಬ್ಬಿಸಿಕೊಂಡು ಹೋಗಬೇಕು.

ಮಾರಿಜಾತ್ರೆ ವರ್ಷ ಏನಾದರೂ ವಿಶೇಷ ಇದೆಯಾ?

ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಹೆಚ್ಚಾಗಿ ಫೆಬ್ರವರಿಯಲ್ಲಿ. ಆ ತಿಂಗಳು ನಮ್ಮ ಓಡಾಟ ಬಂದ್, ಎಲ್ಲರ ಮನೆಯಲ್ಲೂ ನೆಂಟರು. ಒಂದೇ ಒಂದು ಕೆಲಸ ಮಾಡುತ್ತೇವೆ. ಹಳೇ ಜಾತ್ರೆಗಳ ಫೋಟೊ ಕೇಳಿ ಕೇಳಿ ಸ್ಕ್ಯಾನ್ ಮಾಡುವುದು. ಊರಿಗೆ ಬಂದ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿಟ್ಟ ಆಲ್ಬಂ ಹಿಡಿದು ಬರುವುದು ಆಗಲೇ ಅಲ್ವಾ.

ಏಪ್ರಿಲ್ 18ಕ್ಕೆ ಮಾತ್ರ ಪಕ್ಕಾ ತಾರೀಕು ಹೇಳುತ್ತೀರಿ. ಯಾಕೆ?

ಅದು ವಿಶ್ವ ಪರಂಪರೆ ದಿನ. ನಮಗೆ ಅದಕ್ಕಿಂತ ದೊಡ್ಡ ಕಾರಣ, 1951ರಲ್ಲಿ ಕಾಗೋಡು ಸತ್ಯಾಗ್ರಹ ಶುರುವಾದ ದಿನವೂ ಅದೇ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳ. ಜಮೀನಿನ ಒಡೆಯರು ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಅದಕ್ಕಿಂತ ದೊಡ್ಡದು. ಹೆಚ್. ಗಣಪತಿಯಪ್ಪನವರು ಗೇಣಿದಾರರ ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು, ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 1974ರ ಭೂಸುಧಾರಣೆಯ ಮಾತು ಬಂದಾಗೆಲ್ಲ ಹಿರಿಯರು ಇಲ್ಲಿಂದಲೇ ಶುರು ಮಾಡುತ್ತಾರೆ.

ಅವತ್ತು ಮನೆಯಲ್ಲಿ ಹಳೇ ಕೊಳಗ, ಸೇರು, ಪಾವು ಇದ್ದವರು ತನ್ನಿ ಅನ್ನುತ್ತೇವೆ. ಒಂದೇ ಭತ್ತವನ್ನು ಒಂದೊಂದು ಕೊಳಗದಲ್ಲಿ ಅಳೆದು ಚಾಪೆ ಮೇಲೆ ಸುರಿಯುತ್ತೇವೆ. ರಾಶಿಗಳು ಒಂದೇ ಸಮ ಬರುವುದಿಲ್ಲ. ಗೇಣಿ ಕೊಟ್ಟ ಮನೆಯವರೂ ತೆಗೆದುಕೊಂಡ ಮನೆಯವರೂ ಒಟ್ಟಿಗೆ ನಿಂತು ನೋಡುತ್ತಾರೆ. ಆ ಹೊತ್ತು ಒಂಚೂರು ಬಿಗುವಿರುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮಜ್ಜಿಗೆ.

ನೀರಲ್ಲಿ ಮುಳುಗಿದ ಮಡೆನೂರು ಡ್ಯಾಮ್ ಯಾವಾಗ ಕಾಣುತ್ತದೆ?

ಬೇಸಿಗೆ ಕೊನೆಯಲ್ಲಿ, ಅದೂ ಹಿನ್ನೀರು ಚೆನ್ನಾಗಿ ಇಳಿದ ವರ್ಷ. ಜೋಗದ ವಿದ್ಯುತ್ತಿಗೆ ಅಂತ 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಇದು, ಮಡೆನೂರಿನದ್ದು. ಊರಿನವರ ಬಾಯಲ್ಲಿ ಮಡೆನೂರು ಡ್ಯಾಮ್. ಲಿಂಗನಮಕ್ಕಿ ಬಂದ ಮೇಲೆ ಒಂದು ಡ್ಯಾಮಿನ ನೀರಲ್ಲಿ ಇನ್ನೊಂದು ಡ್ಯಾಮೇ ಮುಳುಗಿತು. ಲಿಂಗನಮಕ್ಕಿಯ ಪೂರ್ತಿ ಮಟ್ಟ 1819 ಅಡಿ. ಪೇಪರಿನಲ್ಲಿ ಬರುವ ನೀರಿನ ಮಟ್ಟ ನೋಡಿಕೊಂಡು ದಿನ ಗೊತ್ತು ಮಾಡುತ್ತೇವೆ.

ದಡದ ಕೆಸರು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ, ಕಾಲು ಹೂತುಕೊಳ್ಳುತ್ತದೆ. ಹಳೇ ಗೋಡೆ ಹತ್ತಿ ಸೆಲ್ಫಿ ಬೇಡ. ಆ ಕಡೆಯ ಊರಿನವರನ್ನು ಜೊತೆಗೆ ಕರೆದುಕೊಂಡೇ ಹೋಗುವುದು. ಒಮ್ಮೆ ನಮ್ಮ ಜೊತೆ ಬಂದ ಅಜ್ಜಿ ಡ್ಯಾಮ್ ಕಡೆ ತಿರುಗಿಯೂ ನೋಡಲಿಲ್ಲ. ಸೀಳು ಬಿಟ್ಟ ನೆಲದಲ್ಲಿ ಒಂದು ಮರದ ಬುಡ ಹುಡುಕಿ, 'ಇದು ನಮ್ಮನೆ ಮಾವಿನ ಮರ' ಅಂದರು. ಅದರ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು.

ಅಂದ ಹಾಗೆ, ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲು ಲಾಂಚಿನ ಹಳೇ ಫೋಟೊ ಇದ್ದವರು ದಯವಿಟ್ಟು ಕೊಡಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಮಕ್ಕಳಿಗೆ ಬಸ್ಸು, ಜೀಪು ಲಾಂಚ್ ಹತ್ತುತ್ತಿದ್ದದ್ದು ಹೇಳಿದರೆ ನಂಬುವ ಕಾಲ ಇನ್ನು ಜಾಸ್ತಿ ದಿನ ಇರುವುದಿಲ್ಲ.

ನನ್ನ ಹತ್ತಿರ ಹಳೇ ನಾಣ್ಯ ಇದೆ. ಎಷ್ಟು ಬೆಲೆ ಬಾಳುತ್ತದೆ?

ನಾವು ಬೆಲೆ ಹೇಳುವುದಿಲ್ಲ, ಕೊಳ್ಳುವುದೂ ಇಲ್ಲ. ಏನು ಅಂತ ಹೇಳಬಲ್ಲೆವು. ಇಕ್ಕೇರಿ ವರಹ ಆದರೆ ಚಿನ್ನದ್ದು, ಚಿಕ್ಕದು, ಒಂದು ಬದಿ ಶಿವ ಪಾರ್ವತಿ, ಇನ್ನೊಂದು ಬದಿ ನಾಗರಿಯಲ್ಲಿ ಶ್ರೀ ಸದಾಶಿವ ಅಂತ ಇರುತ್ತದೆ. ನಿಜವಾಗಿ ಬರುವುದು ಮಾತ್ರ ಹತ್ತರಲ್ಲಿ ಒಂಬತ್ತು ಸಲ '1818, ಈಸ್ಟ್ ಇಂಡಿಯಾ ಕಂಪನಿ' ಅಂತ ಬರೆದು ಹನುಮಂತನ ಚಿತ್ರ ಇರುವ ತಾಮ್ರದ ಬಿಲ್ಲೆ. ಕಂಪನಿ ಅಂಥ ನಾಣ್ಯ ಹೊಡೆಸಿರಲೇ ಇಲ್ಲ. ಈಚೆಗೆ ಮಾಡಿ ಮಾರಿದ್ದು. ಇದನ್ನು ತೋರಿಸಿ 'ಅಕ್ಕಿ ಎಳೆಯುತ್ತದೆ, ಕೋಟಿ ಸಿಗುತ್ತದೆ' ಅನ್ನುವವರು ಬಂದರೆ ಚಹಾ ಕೊಟ್ಟು ಕಳಿಸಬೇಡಿ, ಪೊಲೀಸಿಗೆ ಹೇಳಿ.

ನಿಧಿ ಎಲ್ಲಿದೆ ಅಂತ ಶಾಸನದಲ್ಲಿ ಬರೆದಿರುತ್ತದಾ?

ಇಲ್ಲ. ಬರೆದಿರುವುದು ಗದ್ದೆ ಬಿಟ್ಟದ್ದು, ದೀಪಕ್ಕೆ ಎಣ್ಣೆ ಬಿಟ್ಟದ್ದು, ದನ ಬಿಡಿಸಲು ಹೋಗಿ ಸತ್ತದ್ದು. ಕೊನೆಗೆ ಇದನ್ನು ಕೆಡಿಸಿದವನಿಗೆ ಶಾಪ. ಆ ಕೊನೆಯ ಸಾಲನ್ನು ಮಾತ್ರ ಹಾರೆ ಹಿಡಿದು ಬರುವವರು ಓದುವುದಿಲ್ಲ. ಈ ಕಾಟದಿಂದಲೇ ಕಾಡೊಳಗಿನ ಕಲ್ಲುಗಳ ಜಾಗವನ್ನು ನಾವು ಎಲ್ಲೂ ಹಾಕುವುದಿಲ್ಲ. ಫೋಟೊದ ಲೊಕೇಶನ್ ಕೂಡ ತೆಗೆದೇ ಹಂಚುತ್ತೇವೆ. ನೀವೂ ಹಾಗೇ ಮಾಡಿ.

ಸದಸ್ಯರಾಗಲು ಎಷ್ಟು ಕೊಡಬೇಕು?

ಏನೂ ಇಲ್ಲ. ಓಡಾಟದ ದಿನ ಜೀಪಿನ ಬಾಡಿಗೆ ಹಂಚಿಕೊಳ್ಳುವುದು, ಬುತ್ತಿ ಹಂಚಿಕೊಳ್ಳುವುದು.

ನಾನು ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ. ದೂರದಿಂದ ಏನು ಮಾಡಬಹುದು?

ರಜೆಗೆ ಊರಿಗೆ ಬಂದಾಗ ಅಜ್ಜಿಯ ಜೊತೆ ಕೂತು ಹಳೇ ಆಲ್ಬಂ ತೆಗೆಯಿರಿ. ಫೋಟೊದಲ್ಲಿ ಇರುವವರು ಯಾರು, ಯಾವ ಊರು, ಯಾರ ಮದುವೆ ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಎದುರಿಗೆ ಅಚ್ಚು ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಹೆಸರಿಲ್ಲದ ಫೋಟೊ ನಮ್ಮ ಬೀರುವಿನಲ್ಲಿ ಎರಡು ರಟ್ಟಿನ ಪೆಟ್ಟಿಗೆ ತುಂಬಾ ಇವೆ. ಯಾರೂ ಗುರುತು ಹಿಡಿಯುತ್ತಿಲ್ಲ.

ಓಲೆಗರಿಯನ್ನು ಮಾತ್ರ ನೆನಪಿಗೆ ಅಂತ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. 75 ವರ್ಷ ದಾಟಿದ, ಬೆಲೆಯುಳ್ಳ ಹಸ್ತಪ್ರತಿ 1972ರ ಕಾಯ್ದೆ ಪ್ರಕಾರ ಪ್ರಾಚೀನ ವಸ್ತು, ದೇಶದ ಹೊರಗೆ ಒಯ್ಯುವಂತಿಲ್ಲ. ಸ್ಕ್ಯಾನ್ ಕಳಿಸಿಕೊಡುತ್ತೇವೆ.

ಮುಂದಿನ ಸೇರುವಿಕೆ ಯಾವಾಗ?

ಮಳೆ ಹಿಡಿದ ಮೊದಲ ಭಾನುವಾರ, ಮಧ್ಯಾಹ್ನ ಮೂರಕ್ಕೆ, ಅದೇ ಜಗಲಿಯಲ್ಲಿ. ಆ ಎರಡು ಪೆಟ್ಟಿಗೆ ಫೋಟೊ ಚಾಪೆ ಮೇಲೆ ಹರಡಿಟ್ಟಿರುತ್ತೇವೆ. ಕಣ್ಣು ಚುರುಕಿರುವ ಅಜ್ಜ ಅಜ್ಜಿ ಯಾರಾದರೂ ಮನೆಯಲ್ಲಿದ್ದರೆ ಆಟೊ ಮಾಡಿಸಿ ಕರೆದುಕೊಂಡು ಬನ್ನಿ, ಆಟೊ ದುಡ್ಡು ನಮ್ಮದು. ಕೊಡೆಯನ್ನು ಹೊರಗೇ ಇಡಿ, ಕಾಗದದ ಮೇಲೆ ನೀರು ತೊಟ್ಟಿಕ್ಕುತ್ತದೆ.